ಅವ್ವನ ನೀಲದ ಓಲೆ

ಬನವಾಸಿ, ತಾ. ಶಿರಸಿ
೨೮ ಮೇ ೧೯೬೧

ತಂಗಿ ಮುರಿಗೆವ್ವಳಿಗೆ ಅಕ್ಕ ಪಾರ್ವತವ್ವನ ತುಂಬು ಮನಸ್ಸಿನ ಆಶೀರ್ವಾದ.

ನಿನಗೆ ಮೈ ಹುಷಾರಿಲ್ಲವೆಂದು ಮದುವೆಗೆ ನಿನ್ನ ಯಜಮಾನರೊಬ್ಬರೇ ಬಂದರು. ಈಗ ಹೇಗಿದ್ದೀ? ಬರೆಯಲು ತಡವಾಯಿತು, ಸಿಟ್ಟಾಗಬೇಡ. ಬೀಗರು ಹೋದರೂ ಅವರು ಉಂಡ ಪಾತ್ರೆಗಳು ಇಲ್ಲೇ ಉಳಿಯುತ್ತವೆ ನೋಡು.

ಗೆದ್ದೆನವ್ವ. ಮಗಳು ಗೌರಕ್ಕ ಅವ್ವನ ನೀಲದ ಓಲೆ ಹಾಕಿಕೊಂಡೇ ಹಸೆಮಣೆ ಏರಿದಳು.

ಅವ್ವ ತೀರಿಕೊಂಡ ವರ್ಷ, ಅವ್ವ ನನಗೆ ಕೊಟ್ಟಳೆಂದು ನೀನು ಕಳಿಸಿದ ಆ ಓಲೆ ನಮ್ಮ ಮನೆಗೆ ಬಂದಾಗ ಅತ್ತೆ ಏನು ಮಾಡಿದರೆಂದು ಹೇಳಿದ್ದೆನಲ್ಲ. ನೀಲವೆಂದರೆ ಶನಿಯ ಕಲ್ಲು, ಒಲಿದರೆ ಎತ್ತುತ್ತದೆ, ಮುನಿದರೆ ಮನೆತನವನ್ನೇ ಮುಳುಗಿಸುತ್ತದೆ ಎಂದು ಮೂರು ರಾತ್ರಿ ನನ್ನ ತಲೆದಿಂಬಿನ ಕೆಳಗಿಟ್ಟು ಪರೀಕ್ಷೆ ಮಾಡಿಸಿದರು. ನಾನು ಗೊರಕೆ ಹೊಡೆದೆ. ಕನಸು ಬಿದ್ದದ್ದು ಆಚೆ ಕೋಣೆಯ ಅತ್ತೆಗೆ. ಕರಿ ಎಮ್ಮೆಯೊಂದು ಮನೆಯೊಳಗೆ ನುಗ್ಗಿತಂತೆ. ಓಲೆ ಪೆಟ್ಟಿಗೆ ಸೇರಿತು, ನಾನು ಒಮ್ಮೆಯೂ ಹಾಕಲಿಲ್ಲ.

ಈ ಸಲ ಶಿರಸಿ ಪೇಟೆಯ ಅಕ್ಕಸಾಲಿ ಪತ್ತಾರರು ಕೂಡ, "ನೀಲ ತಗದು ಕೆಂಪು ಹರಳು ಕೂಡ್ರಸ್ತೀನ್ರಿ" ಎಂದರು. ಸುತ್ತ ಮುತ್ತು, ನಡುವೆ ಅಗಸೆ ಹೂವಿನ ಬಣ್ಣದ ಕಲ್ಲು. ಅದಿಲ್ಲದೆ ಅವ್ವನ ಮುಖವೇ ನನಗೆ ನೆನಪಾಗುವುದಿಲ್ಲ. "ಹೊಳಪು ಅಷ್ಟ ಕೊಡ್ರಿ" ಎಂದೆ.

ಅಕ್ಷತೆಯ ಅಕ್ಕಿಕಾಳು ಬೀಳುವ ಮುಂಚೆ ಯಲ್ಲಾಪುರದ ಬೀಗರ ಕಡೆಯ ಹಿರಿಯಳೊಬ್ಬಳು ತಡೆದಳು. "ಶನಿ ಕಲ್ಲು ಕಿವ್ಯಾಗ ಇಟ್ಕೊಂಡು ನಮ್ಮ ಮನಿ ತುಂಬ್ತಾಳೇನು? ಮೊದ್ಲ ತಗಸ್ರಿ." ಮಗಳ ಕೈ ಕಿವಿಗೆ ಹೋಯಿತು.

ಆಗ ಎದ್ದವರು ಯಾರೆಂದುಕೊಂಡೀ? ನಮ್ಮ ಅತ್ತೆ. "ಈ ಓಲಿ ಮನಿಗೆ ಬಂದಾಗ ಕೆಟ್ಟ ಕನಸು ಬಿದ್ದಿದ್ದು ನನಗ. ಎಮ್ಮಿ ಮನಿ ಹೊಕ್ಕಿದ್ದು ಖರೇ. ಮರುವರ್ಷ ನಮ್ಮ ಹಟ್ಟ್ಯಾಗ ಎಮ್ಮಿ ಮೂರಾದವು. ಅವುಗಳ ಹಾಲು ಮಸರು ಉಂಡು ಮುದುಕಿ ಆದೆ, ಓಲಿ ಮಾತ್ರ ಸೊಸಿಗೆ ಕೊಡಲಿಲ್ಲ. ತಗೀಬ್ಯಾಡ ಗೌರಕ್ಕ."

ಚಪ್ಪರಕ್ಕೆ ಚಪ್ಪರವೇ ನಕ್ಕಿತು, ಆ ಹಿರಿಯಳೂ ನಕ್ಕಳು. ಗೌರಕ್ಕ ಕೈ ಇಳಿಸಿ ನೆಟ್ಟಗೆ ಕೂತಳು. ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಮಧುಕೇಶ್ವರ ನಿನ್ನ ಮಕ್ಕಳಿಗೆ ಆಯುಷ್ಯ ಕೊಡಲಿ, ನಿನ್ನ ಮುತ್ತೈದೆತನ ಗಟ್ಟಿಯಾಗಿರಲಿ.

ನಿನ್ನ ಅಕ್ಕ,
ಪಾರ್ವತವ್ವ

ತಾ.ಕ.: ಊಟದ ಹೊತ್ತಿಗೆ ನಿನ್ನ ಯಜಮಾನರು ಬಳಿ ಬಂದು, "ಅಕ್ಕಾರ, ನಿಮ್ಮವ್ವಾರು ಆ ಓಲಿ ಕೊಟ್ಟಿದ್ದು ನಿಮ್ಮ ತಂಗಿಗೆ. ಆಕಿ ಹೆದರಿ ನಿಮಗ ಕಳಿಸಿದ್ಲು" ಎಂದರು. ಅವ್ವ ಕೊನೆಗಾಲದಲ್ಲಿ ನನ್ನನ್ನು ನೆನೆದಳು ಎಂದು ಇಷ್ಟು ವರ್ಷ ಆ ಪೆಟ್ಟಿಗೆ ಮುಟ್ಟಿ ಮುಟ್ಟಿ ಸಮಾಧಾನ ಪಟ್ಟುಕೊಂಡಿದ್ದೆ. ಅದು ಹೋಗಲಿ. ನಿನ್ನ ಮನೆಗೆ ಬೇಡವಾದ ಶನಿ ಅಕ್ಕನ ಮನೆಗೆ ಹೋದರೆ ಅಡ್ಡಿಯಿಲ್ಲ ಎಂದುಕೊಂಡೆಯಾ, ಮುರಿಗೆವ್ವಾ?