ಅಮ್ಮನ ‘ಪರವಾಗಿಲ್ಲ’

ಕುಣಿಗಲ್
೧೨ ಮಾರ್ಚ್ ೨೦೨೫

ಆಸ್ಪತ್ರೆಯ ಗುಣಮಟ್ಟ ನೋಡಿಕೊಳ್ಳುವ ಸಾಹೇಬರಿಗೆ, ಅಂದರೆ ನನ್ನ ತಮ್ಮ ಉದಯನಿಗೆ,

ಫೋನ್ ಮಾಡಿದರೆ ಮೀಟಿಂಗ್ ಅನ್ನುತ್ತೀಯ. ಅದಕ್ಕೇ ಈ ಕಾಗದ. ತುಮಕೂರಿನ ನಿನ್ನ ಆಸ್ಪತ್ರೆಯವರು ಅಮ್ಮನ ಪಿತ್ತಕೋಶದ ಕಲ್ಲು ತೆಗೆದು, ಗುಣವಾಗಿದೆ ಎಂದು ನಮ್ಮ ಮನೆಗೆ ಕಳಿಸಿದರಲ್ಲ, ಆ ಗಾಯ ಒಳಗೇ ಕೀವಾಗಿತ್ತು. ನಿನ್ನೆ ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು ಬಿಚ್ಚಿ ತೊಳೆದರು. ಜ್ವರ ಇನ್ನೂ ಇಳಿದಿಲ್ಲ. ಉಳಿಯುತ್ತಾಳೋ ಇಲ್ಲವೋ, ಯಾರೂ ಹೇಳುತ್ತಿಲ್ಲ.

ಹಬ್ಬಕ್ಕೆ ನಮ್ಮೂರು ನಿಟ್ಟೂರಿಗೆ ಬಂದಾಗ ಹೋಳಿಗೆ ತಣ್ಣಗಾಗುವ ತನಕ ನೀನು ಪಾಠ ಮಾಡಿದ್ದೆ: ಸಣ್ಣದೊಂದು ಬದಲಾವಣೆ ಮಾಡು, ಅಳೆದು ನೋಡು, ಸುಧಾರಿಸದಿದ್ದರೆ ಮತ್ತೆ ಮಾಡು ಅಂತ. ಒಳ್ಳೆಯ ವಿದ್ಯೆ ಕಣೋ, ನಿನ್ನ ಕೈಗೆ ಸಿಗಬಾರದಿತ್ತು. ನಿನ್ನ ವಾರ್ಡಿನಲ್ಲಿ ನರ್ಸು ನೋವು ಎಷ್ಟಿದೆ ಎಂದು ಕೇಳಿ, ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಬೇಕಂತೆ. ನಮ್ಮ ಕಡೆ ಹೆಂಗಸರು ಅಂಕ ಹೇಳುತ್ತಾರಾ? ‘ಪರ್ವಾಗಿಲ್ಲ ಬುಡವ್ವ’ ಅನ್ನುತ್ತಾರೆ. ಪರವಾಗಿಲ್ಲ ಅಂದರೆ ಸೊನ್ನೆ ಬರೆಯಿರಿ ಎಂದು ಆರ್ಡರ್ ಹೊರಡಿಸಿದ ಮಹಾಶಯ ನೀನು. ನೋವು ಇದ್ದಲ್ಲೇ ಇತ್ತು, ನಿನ್ನ ಗ್ರಾಫ್ ಮಾತ್ರ ಸರ್ರನೆ ಇಳಿಯಿತು. ಅದಕ್ಕೊಂದು ಶಾಲು, ಒಂದು ಹಾರ, ವಾಟ್ಸಾಪಿನಲ್ಲಿ ಹಲ್ಲುಕಿರಿದ ಫೋಟೊ ಬೇರೆ.

ಅಮ್ಮನ ಪರವಾಗಿಲ್ಲಕ್ಕೆ ಏನರ್ಥ ಅಂತ ನಿನಗೆ ಗೊತ್ತಿರಲಿಲ್ಲವೇ? ಕಾಲ ಮೇಲೆ ಕುದಿವ ಎಸರು ಚೆಲ್ಲಿಕೊಂಡಾಗಲೂ ಅದನ್ನೇ ಅಂದವಳು. ಅಪ್ಪ ತೀರಿಕೊಂಡ ದಿನವೂ ಅದನ್ನೇ ಅಂದಳು. ನಿಮ್ಮ ಡಾಕ್ಟರು ಸೊನ್ನೆ ನೋಡಿ ಬ್ಯಾಂಡೇಜು ಬಿಚ್ಚಲೇ ಇಲ್ಲ. ಇಲ್ಲಿಯವರು ಅಂಕ ಕೇಳಲಿಲ್ಲ, ಎದ್ದು ಕೂತು ಒಂದು ಸಲ ಕೆಮ್ಮಿ ಅಂದರು. ಅವಳಿಗೆ ಏಳಲೂ ಆಗಲಿಲ್ಲ.

ಅಲ್ಲೇ ಯಾಕೆ ಬಾಯಿ ಬಿಡಲಿಲ್ಲ ಎಂದು ನಾನು ಅಮ್ಮನಿಗೆ ಬೈದೆ. ‘ಉದಯನ ಆಸ್ಪತ್ರೆ ಕಣೇ, ನೋವು ಅಂದ್ರೆ ಅವ್ನಿಗೆ ಕೆಟ್ಟ ಹೆಸ್ರು’ ಅಂದಳು. ನಿನ್ನ ಮೇಲೆ ನನಗೆ ಅಸಹ್ಯ ಹುಟ್ಟಿದ್ದು ಆಗ.

ಸೋಮವಾರ ಬೆಂಗಳೂರಿನಲ್ಲಿ ಅದೇ ಗ್ರಾಫ್ ತೋರಿಸಿ ಬಹುಮಾನ ತೆಗೆದುಕೊಳ್ಳುತ್ತೀಯಂತೆ. ಹೋಗಬೇಡ. ಆ ಆರ್ಡರನ್ನು ವಾಪಸ್ ತೆಗೆದುಕೊಂಡು ಇಲ್ಲಿಗೆ ಬಾ. ನಿನ್ನ ವಾರ್ಡಿನಲ್ಲಿ ಇನ್ನೂ ಎಷ್ಟು ಜನರ ಅಮ್ಮಂದಿರು ಸೊನ್ನೆ ಹಾಕಿಸಿಕೊಂಡು ಮಲಗಿದ್ದಾರೋ, ಹೋಗಿ ನೋಡು.

ಬೇಡವೆಂದರೂ ನಿನಗೆ ಅಕ್ಕನೇ ಆದ,
ರೂಪಶ್ರೀ

ಬರೆಯಲು ಮರೆತೆ: ಮಗ ಚೆನ್ನಾಗಿ ನೋಡಿಕೊಳ್ಳುತ್ತಾನಾ ಎಂದು ಪಕ್ಕದ ಹಾಸಿಗೆಯವರು ಅಮ್ಮನನ್ನು ಕೇಳಿದರು. ‘ಪರ್ವಾಗಿಲ್ಲ’ ಅಂದಳು. ಎಷ್ಟು ಅಂಕ ಅಂತ ನೀನೇ ಹಾಕಿಕೊ.