ಗಿಳಿ ಕತ್ತರಿಸಿದ ಹಾಳೆ

ರಾಯಚೂರು
29-1-1984

ಚಿ. ಗೋಪಾಲನಿಗೆ ಅಹಲ್ಯಕ್ಕನ ಆಶೀರ್ವಾದಗಳು.

ಸೊಲ್ಲಾಪುರದ ಚಳಿಗೆ ನಿನ್ನ ಮೊಣಕಾಲು ಹೇಗಿದೆ? ಕಮಲಾ, ಪದ್ಮಿ ಆರಾಮವೇ? ಅವ್ವ ಕಳಿಸಿದ ಸಂಕ್ರಾಂತಿ ಕಾರ್ಡು ಮುಟ್ಟಿತೆಂದು ನೀನು ಬರೆದೆ, ಜೊತೆಗಿದ್ದ ಕುಸುರೆಳ್ಳು ಪುಡಿಯಾಗಿತ್ತೋ ಇಲ್ಲವೋ ಬರೆಯಲಿಲ್ಲ. ಅವಳು ದಿನಾ ಕೇಳುತ್ತಾಳೆ.

ಈ ಸಲವೂ ನಡುಮನೆಯ ತುಂಬ ಡ್ರಾಯಿಂಗ್ ಹಾಳೆ ಹರಡಿಕೊಂಡು ಕೂತಿದ್ದಳು. ಅಡ್ಡಕ್ಕೆ ಕೊಯ್ದ ಬೆಂಡೆಕಾಯಿಯನ್ನು ಕೆಂಪು ಬಣ್ಣದಲ್ಲಿ ಅದ್ದಿ ಒತ್ತಿದರೆ ಹೂವು, ಆಲೂಗಡ್ಡೆಯ ಅಚ್ಚಿನಿಂದ ಎಲೆ. ಗಿಳಿಗೆ ಮಾತ್ರ ಎಕ್ಸ್‌ರೇ ಹಾಳೆಯೇ ಆಗಬೇಕು. ರಟ್ಟು ನೆನೆದು ಮೆತ್ತಗಾಗುತ್ತದಂತೆ. ಬ್ಲೇಡಿನಿಂದ ಗಿಳಿಯ ಆಕಾರ ಕತ್ತರಿಸಿ ತೆಗೆದು, ಆ ತೂತಿನ ಮೇಲೆ ಹಸಿರು ಬಣ್ಣದ ಅರಿವೆಯುಂಡೆಯನ್ನು ತಟ್ಟಿದಳು. ಹಾಳೆ ಎತ್ತಿದರೆ ಕೆಳಗೆ ಗಿಳಿ ಕೂತಿತ್ತು. ಏನೂ ಇಲ್ಲದ ಜಾಗದಲ್ಲೇ ಬಣ್ಣ ಇಳಿಯುತ್ತದಲ್ಲ ಎಂದು ಕವಿತೆ ಓದಿದವಳ ಹಾಗೆ ನೋಡುತ್ತ ನಿಂತೆ. ಅದು ಯಾವ ಎಕ್ಸ್‌ರೇ ಎಂದು ಕೇಳಲು ತೋಚಲಿಲ್ಲ.

ಹಬ್ಬದ ಮೇಲೆ ಅವಳ ಕೆಮ್ಮು ಹೆಚ್ಚಾಯಿತು. ಡಾಕ್ಟರ್ ಅಬ್ದುಲ್ ವಹೀದರು ಎದೆಯ ಎಕ್ಸ್‌ರೇ ತೆಗೆಸಿದರು. ಬಲಗಡೆ ಮೇಲೆ ಬಟಾಣಿ ಕಾಳಿನಷ್ಟು ಬಿಳಿ ಕಲೆ. ಹಳೆಯದಾದರೆ ಮಾಯ್ದ ಗಾಯ, ಚಿಂತೆಯಿಲ್ಲ. ಹೊಸದಾದರೆ ಕೂಡಲೇ ಹೈದರಾಬಾದಿಗೆ ಒಯ್ಯಬೇಕಂತೆ. "ಹ್ವಾದ ವರ್ಷ ಮಾನ್ವಿಯೊಳಗ ತೆಗಿಸಿದ್ದು ತರ್ರಿ, ಹೊಂದಿಸಿ ನೋಡೂಣು" ಎಂದರು. ಮನೆಯೆಲ್ಲ ಹುಡುಕಿದೆ. ಸಿಕ್ಕಿತು, ಹಸಿರು ಬಣ್ಣ ಮೆತ್ತಿಕೊಂಡು. ಅವರು ಅದನ್ನು ದೀಪಕ್ಕೆ ಹಿಡಿದಾಗ ಗಿಳಿಯಾಕಾರದ ಬೆಳಕು ಅವರ ಮುಖದ ಮೇಲೆ ಬಿತ್ತು. "ಗಿಳಿ ಕುಂತ ಜಾಗಾನ ನನಗ ಬೇಕಾಗಿತ್ತಲ್ರೀ, ಜಾನಕಿಬಾಯಾರ!" ಅವ್ವ ತಲೆ ತಗ್ಗಿಸಲಿಲ್ಲ. "ನನ್ನ ಎದಿಯೊಳಗ ಗಿಳಿ ಇತ್ತ್ರೀ, ಹಾರಿ ಹೋತು" ಎಂದಳು. ಡಾಕ್ಟರು ನಕ್ಕರು. ನಾನೂ ನಕ್ಕೆ. ಹೊರಗೆ ಬಂದ ಮೇಲೆ ಯಾಕೆ ನಕ್ಕೆನೋ ತಿಳಿಯಲಿಲ್ಲ.

ಮಾನ್ವಿಯಲ್ಲಿ ಅದರ ಇನ್ನೊಂದು ಪ್ರತಿ ಇಲ್ಲ. ಕತ್ತರಿಸಿದ ತುಂಡು ಎಲ್ಲಿ ಎಂದರೆ, "ಕಸದಾಗ ಹೋಗಿರಬೇಕು ಬಿಡ" ಎನ್ನುತ್ತಾಳೆ. ಹೈದರಾಬಾದಿನ ಮಾತೆತ್ತಿದರೆ, "ಯುಗಾದಿ ಕಾರ್ಡು ಯಾರು ಮಾಡಬೇಕು, ನೀ ಏನು?" ಒಂದು ಗಳಿಗೆ ಕರೆದೊಯ್ಯಲೇಬೇಕು ಅನ್ನಿಸುತ್ತದೆ. ಮರುಗಳಿಗೆ, ಹಳೆಯ ಗಾಯವೇ ಆಗಿದ್ದರೆ ಈ ವಯಸ್ಸಿನಲ್ಲಿ ಸೂಜಿ, ಆಸ್ಪತ್ರೆ ಎಂದು ಸುಮ್ಮನೆ ಹಿಂಸೆಯಲ್ಲವೇ? ನನಗೆ ದಾರಿ ತೋಚುತ್ತಿಲ್ಲ, ನೀನಾದರೂ ಹೇಳು.

ಪದ್ಮಿಗೆ ಮುತ್ತು. ಗುರುರಾಯರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಅಹಲ್ಯಾ

ತಾ.ಕ.: ಲಕೋಟೆ ಅಂಟಿಸುವಾಗ ಅವ್ವ ಅಡುಗೆಮನೆಯಿಂದ ಕೂಗಿದಳು. ಕತ್ತರಿಸಿದ ಗಿಳಿಯನ್ನು ಪದ್ಮಿಗೆ ಆಡಲೆಂದು ಕುಸುರೆಳ್ಳಿನ ಪೊಟ್ಟಣದಲ್ಲಿ ಇಟ್ಟಿದ್ದಳಂತೆ! ಕೂಡಲೇ ಹುಡುಕು. ಪದ್ಮಿ ಅತ್ತರೂ ಇಸಿದುಕೋ, ಕಿಟಕಿಯ ಬೆಳಕಿಗೆ ಹಿಡಿದು ನೋಡು. ಗಿಳಿಯ ಮೈಯಲ್ಲಿ ಎಲ್ಲಾದರೂ ಬಟಾಣಿಯಷ್ಟು ಬಿಳಿ ಕಲೆ ಇದೆಯೇ? ಕಾಗದ ಬೇಡ, ತಂತಿ ಕಳಿಸು. ಅವ್ವನ ಎದೆಯಲ್ಲಿ ಹೋದ ವರ್ಷವೂ ಕಲೆ ಇದ್ದಿರಲಿ ಎಂದು ದೇವರ ಮುಂದೆ ಹೇಗೆ ಬೇಡಿಕೊಳ್ಳುವುದೋ ನನಗೆ ತಿಳಿಯುತ್ತಿಲ್ಲ, ಗೋಪಾಲ.