ಕೊಂಬು ಕಾಣದ ಎಣಿಕೆ

ಉಸಿರುಗುಡ್ಡ
ಎಣಿಕೆಯ ನೂರ ಅರವತ್ತೆಂಟನೆಯ ವರ್ಷ, ಬಿಸಿಗಾಲದ ಎಂಟನೆಯ ತಿಂಗಳು

ಪೂಜ್ಯ ಪದ್ಮಾಕ್ಷಿ ಬೆಣ್ಣೂರ ಅವರಿಗೆ ಬಾಳವ್ವ ಮಾಡುವ ನಮಸ್ಕಾರ.

ಈ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ನೀವು ಹಿಮಾಲಯದ ಈ ಮೂಲೆಗೆ ಬಂದು ಮೊದಲ ಸಲ ಹುಳ ಎಣಿಸಿದ ದಿನದಿಂದ ನಮ್ಮ ವರ್ಷಗಳು ಶುರುವಾಗಿವೆ. ನನ್ನ ಮಾತಿನಲ್ಲಿ ನಿಮಗೆ ಗುರುತಿಲ್ಲದ ಪದಗಳು ಬಂದರೆ ಕ್ಷಮಿಸಿ. ಭಾಷೆ ನಿಮ್ಮದೇ, ಬಿಸಿಲು ಮಾತ್ರ ನಮ್ಮದು. ಈ ಕಾಗದ ನಿಮ್ಮನ್ನು ತಲುಪುವ ದಾರಿಯಿಲ್ಲವೆಂದು ಗೊತ್ತಿದೆ. ಮೂರು ದಿನದಲ್ಲಿ ನಾವು ಅರವತ್ತು ಜನ ಗುಡ್ಡ ಬಿಟ್ಟು ಹೊರಡುತ್ತೇವೆ. ಇಲ್ಲಿ ಯಾರ ಮುಂದೆಯೂ ಹೇಳಿಕೊಳ್ಳುವ ಮುಖ ನನಗಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಕಾಲದಲ್ಲಿ ಇಲ್ಲಿ ಬರೀ ಕಲ್ಲುಗುಪ್ಪೆ ಇತ್ತಂತೆ. ಬಯಲು ಸುಡತೊಡಗಿದ ಮೇಲೆ ನಮ್ಮ ಹಿರಿಯರು ಕೃಷ್ಣಾ ತೀರ ಬಿಟ್ಟು, ಎರಡು ತಲೆಮಾರು ಅಲೆದು, ಇಲ್ಲಿಗೆ ಬಂದು ನಿಂತರು. ಗುಡ್ಡದ ಹೊಟ್ಟೆಯಲ್ಲಿ ಹಳೆಯ ಮಂಜುಗಡ್ಡೆಯಿದೆ. ಕಲ್ಲಿನ ಸಂದುಗಳಿಂದ ಅದರ ತಂಪು ಗಾಳಿ ಹೊರಗೆ ಬರುತ್ತದೆ. ಆ ಸಂದುಗಳಿಗೆ ನಾವು ತಣ್ಬಾಯಿ ಎನ್ನುತ್ತೇವೆ. ತಣ್ಬಾಯಿಯ ಎದುರು ಮನೆ, ತಣ್ಬಾಯಿಯಲ್ಲಿ ಬೀಜದ ಗಡಿಗೆ, ಅದರಡಿಯಲ್ಲಿ ಜಿನುಗುವ ನೀರು ಮನೆಗೆ ದಿನಕ್ಕೆ ಎರಡು ತಂಬಿಗೆ. ಬಾರ್ಲಿ ರೊಟ್ಟಿ ಬಡಿಯುತ್ತೇವೆ. ಶೇಂಗಾ ಕಂಡವರು ಯಾರೂ ಉಳಿದಿಲ್ಲ. ಜರ್ದಾಳು ಬೀಜ ಕುಟ್ಟಿ ಅದಕ್ಕೇ ಶೇಂಗಾ ಹಿಂಡಿ ಅನ್ನುತ್ತೇವೆ, ನಗಬೇಡಿ. ಆ ತಣ್ಬಾಯಿಯ ಎಲೆಕಸದಲ್ಲೇ ನಿಮ್ಮ ಹುಳ ಇರುವುದು. ಎಳ್ಳುಕಾಳಿನಷ್ಟೇ ಇರುವ ಬಸವನಹುಳು, ನಮಗೆ ಎಳ್ಳುಬಸವ. ತಂಪಿಲ್ಲದೆ ಅದು ಒಂದು ವಾರ ಬದುಕದು. ಹುಳ ಬದುಕಿದೆಯೆಂದರೆ ಒಳಗೆ ಮಂಜುಗಡ್ಡೆ ಇದೆಯೆಂದು ಲೆಕ್ಕ. ಗುಡ್ಡ ಇನ್ನೆಷ್ಟು ಜನರನ್ನು ಸಾಕೀತು ಎಂಬುದನ್ನು ನಮ್ಮಲ್ಲಿ ಹುಳ ಎಣಿಸಿಯೇ ತೀರ್ಮಾನಿಸುತ್ತಾರೆ. ಬಯಲಿನವರು ನಮ್ಮನ್ನು ಹುಳ ಕಾಯುವವರು ಎಂದು ಆಡಿಕೊಳ್ಳುತ್ತಾರೆ. ಆಡಿಕೊಂಡವರೇ ಕೊನೆಗೆ ಜಾಗ ಕೇಳಿಕೊಂಡು ಬರುತ್ತಾರೆ.

ಎಣಿಸುವ ಕ್ರಮ ನೀವು ಕೈಯಾರೆ ಬರೆದು ಇಲ್ಲಿ ಬಿಟ್ಟುಹೋದ ಪುಸ್ತಕದಲ್ಲಿದೆ. ಬಾಯಿಗೆ ಬಟ್ಟೆ ಕಟ್ಟಬೇಕು, ನಮ್ಮ ಉಸಿರಿನ ಬಿಸಿ ತಾಗಬಾರದು. ಎಲೆಯ ಮೇಲೆ ತಣ್ಣೀರು ಚಿಮುಕಿಸಿ ಬೋರಲು ಮಲಗಬೇಕು. ಹುಳ ಕೊಂಬು ಹೊರಗೆ ಚಾಚಿದ ಮೇಲೆಯೇ ಎಣಿಸಬೇಕು. ಇಷ್ಟೇ ಬರೆದಿದ್ದೀರಿ. ಯಾಕೆಂದು ಬರೆದಿಲ್ಲ. ನನಗೆ ಎಣಿಕೆ ಕಲಿಸಿದ ಸೋದರತ್ತೆ ಸಾತವ್ವನಿಗೂ ಯಾಕೆಂದು ಗೊತ್ತಿರಲಿಲ್ಲ. "ಕೊಂಬು ಕಂಡ್ರ ಒಂದು, ಕಾಣ್ದಿದ್ರ ಸೊನ್ನಿ. ನಡುವ ಏನೂ ಇಲ್ಲ, ತಿಳೀತಿಲ್ಲೋ?" ಎಂದು ಗದರಿಸುತ್ತಿದ್ದಳು, ಅಷ್ಟೇ. ಒಂದು ಹುಳ ಕೊಂಬು ತೆಗೆಯಲು ಕೆಲವು ಸಲ ಅರ್ಧ ಹಗಲು ಹಿಡಿಯುತ್ತದೆ. ಅತ್ತೆ ತೀರಿಕೊಂಡಾಗ ನನಗೆ ಐವತ್ತು ದಾಟಿತ್ತು, ಎದೆ ಕಲ್ಲಿನ ಮೇಲೆ ಊರಿ ಮಲಗಿದರೆ ಕೆಮ್ಮು ಹತ್ತುತ್ತಿತ್ತು. ಚಿಪ್ಪು ತುಂಬಿದ್ದರೆ ಒಳಗೆ ಹುಳ ಇದ್ದೇ ಇರುತ್ತದಲ್ಲ ಎಂದುಕೊಂಡು ಕೊಂಬಿಗೆ ಕಾಯುವುದನ್ನು ಬಿಟ್ಟೆ. ಬರೀ ಚಿಪ್ಪು ಎಣಿಸಿದೆ.

ಮೊದಲ ವರ್ಷ ನಾನೂರು ಇದ್ದದ್ದು ಸಾವಿರವಾಯಿತು. ಮರುವರ್ಷ ಮೂರು ಸಾವಿರ. ಊರು ಹಿಗ್ಗಿ ಹೀರೇಕಾಯಿಯಾಯಿತು. ಗುಡ್ಡ ಮತ್ತೆ ತಣ್ಣಗಾಗುತ್ತಿದೆ ಎಂದು ಸಭೆಯಲ್ಲಿ ಕುಣಿದರು, ನನಗೆ ಕಂಬಳಿ ಹೊದಿಸಿದರು. ಬಯಲಿನಲ್ಲಿ ಉಳಿದವರಿಗೆ ಬನ್ನಿರೆಂದು ಹೇಳಿಕಳಿಸಿದರು. ಹನ್ನೆರಡು ಮನೆ ಬಂದವು. ನನ್ನ ಅಕ್ಕ ರುದ್ರವ್ವ ಬಯಲಿನಲ್ಲಿ ಒಂದು ಆಳದ ಬಾವಿಯ ಆಸರೆಯಲ್ಲಿದ್ದಳು. ಬಾವಿ ಬಿಟ್ಟು ಹೋಗಬೇಡವೆಂದು ನೆರೆಯವರು ತಡೆದರಂತೆ. "ಎಣಿಸಿದಾಕಿ ನನ್ನ ತಂಗಿ ಅದಾಳ, ಇನ್ನೇನ್ ನೋಡೂದೈತಿ?" ಎಂದು ಮಗಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ಗುಡ್ಡ ಹತ್ತಿದಳು.

ನಮ್ಮ ಗುಡ್ಡದಡಿ ಬಿಳಿಮಣ್ಣಿನ ಒಂದು ಪದರ ಇದೆ, ನೀವು ನೋಡಿಯೇ ಇರುತ್ತೀರಿ. ಅದರ ತುಂಬ ಎಳ್ಳುಬಸವನ ಚಿಪ್ಪು. ಮನುಷ್ಯರು ಇಲ್ಲಿ ಕಾಲಿಡುವ ಎಷ್ಟೋ ಸಾವಿರ ವರ್ಷ ಮೊದಲು ಸತ್ತವು. ಅವುಗಳಲ್ಲಿ ಮಣ್ಣು ತುಂಬಿರುತ್ತದೆ, ಬಣ್ಣ ಮಾಸಿರುವುದಿಲ್ಲ, ಇಂದಿನ ಹುಳಕ್ಕೂ ಅದಕ್ಕೂ ಕಣ್ಣಿಗೆ ವ್ಯತ್ಯಾಸ ತಿಳಿಯದು. ಒಳಗಿನ ಮಂಜುಗಡ್ಡೆ ಕರಗಿ ನೀರು ಜೋರಾಗಿ, ಆ ಮಣ್ಣನ್ನು ಕೊರೆದು, ಚಿಪ್ಪುಗಳನ್ನು ತಣ್ಬಾಯಿಗೆ ತಂದು ಸುರಿಯುತ್ತಿತ್ತು. ಗುಡ್ಡ ಸಾಯುತ್ತಿದ್ದಷ್ಟೂ ನನ್ನ ಎಣಿಕೆ ಏರುತ್ತಿತ್ತು.

ಮೂರನೆಯ ಬಿಸಿಗಾಲದಲ್ಲಿ, ಒಂದೆರಡು ಬಿಟ್ಟು ಉಳಿದ ತಣ್ಬಾಯಿಗಳಿಂದೆಲ್ಲ ಬಿಸಿಗಾಳಿ ಬಂತು. ನೀರು ಮನೆಗೆ ಅರ್ಧ ತಂಬಿಗೆಗೆ ಇಳಿಯಿತು, ಆಮೇಲೆ ಗುಟುಕಿಗೆ ಬಂತು. ಅಕ್ಕ ತನ್ನ ಪಾಲನ್ನು ಮೊಮ್ಮಕ್ಕಳಿಗೆ ಕುಡಿಸಿ ತಾನು ಕುಡಿದೆನೆಂದು ಸುಳ್ಳು ಹೇಳುತ್ತಿದ್ದಳು. ಒಂದು ಮಧ್ಯಾಹ್ನ ಕೂತಲ್ಲೇ ಹೋದಳು. ಅವಳ ನಂತರ ಎಪ್ಪತ್ತೊಂದು ಜನ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವಳು ನಾನು, ಉಂಡವರು ಅವರು. ಆಗ ಹೋಗಿ ಬೋರಲು ಮಲಗಿ ಎರಡು ದಿನ ಕಾದೆ. ಕೊಂಬು ತೆಗೆದವು ಇಪ್ಪತ್ಮೂರು. ಎಲ್ಲರೂ ಹುಳಗಳು ಏಕಾಏಕಿ ಸತ್ತವು ಎಂದುಕೊಂಡಿದ್ದಾರೆ. ನಾನು ಹೌದೆಂದಿಲ್ಲ, ಅಲ್ಲವೆಂದೂ ಅಂದಿಲ್ಲ.

ಈಗ ಎಣಿಕೆಯವಳು ಅಕ್ಕನ ಮಗಳು ಈರವ್ವ. ಕಲಿಸಿದವಳು ನಾನೇ, ನನ್ನ ಹಾಗೆಯೇ ಕಲಿಸಿದ್ದೆ. ಉತ್ತರದಲ್ಲಿ ಇನ್ನೊಂದು ತಣ್ಣನೆಯ ಗುಡ್ಡ ಇದೆಯೆಂದು ಸುದ್ದಿ ಬಂದಿದೆ. ಅಲ್ಲಿ ನಿಲ್ಲಬೇಕೋ ಮುಂದೆ ನಡೆಯಬೇಕೋ ಎಂಬುದು ಅವಳ ಎಣಿಕೆಯ ಮೇಲಿದೆ. ಹೋದ ವಾರ ಅವಳು ಹೋಗಿ ನೋಡಿ ಬಂದಳು. "ಚಿಗವ್ವಾ, ಕಣ್ಣು ಹಾಯಿಸಿದಲ್ಲೆಲ್ಲಾ ಅದಾವ! ಒಂದು ತಾಸಿನ್ಯಾಗ ಎರಡು ಸಾವಿರ ಎಣಿಸಿದ್ನಿ" ಎಂದಳು. ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕಂಡಿತು. ಒಂದು ತಾಸಿನಲ್ಲಿ ಎರಡು ಸಾವಿರ ಕೊಂಬು ಯಾರೂ ನೋಡಲಾರರು, ತಾಯಿ. ನಾನು ಒಳ್ಳೆಯದಾಯಿತು ಮಗಳೇ ಎಂದು ತಲೆ ಸವರಿ ಒಳಗೆ ಹೋಗಿ ಅತ್ತುಬಿಟ್ಟೆ.

ನಿಮ್ಮಲ್ಲಿ ಕೇಳುವುದು ಒಂದೇ. ಪುಸ್ತಕ ಇನ್ನೂ ನಿಮ್ಮ ಕೈಯಲ್ಲಿದ್ದರೆ, ಕೊಂಬಿನ ಸಾಲಿನ ಪಕ್ಕದಲ್ಲಿ ಯಾಕೆಂಬುದನ್ನು ಬರೆಯಿರಿ. ಸತ್ತ ಚಿಪ್ಪೂ ಬದುಕಿದ ಹುಳವೂ ಒಂದೇ ಥರ ಕಾಣುತ್ತವೆ, ಗುಡ್ಡ ಕರಗುವಾಗ ಚಿಪ್ಪು ಹೆಚ್ಚುತ್ತದೆ ಎಂದು. ಈರವ್ವ ನಿಮ್ಮ ಅಕ್ಷರವನ್ನು ಕಣ್ಣಿಗೊತ್ತಿಕೊಂಡು ಓದುತ್ತಾಳೆ.

ಇಷ್ಟು ಬರೆದು, ನೀವು ಬರೆದಿರಬಹುದೇನೋ ಎಂದು ನಮ್ಮಲ್ಲಿರುವ ಆ ಪುಸ್ತಕ ತೆರೆದು ನೋಡಿದೆ. ಆ ಜಾಗ ಖಾಲಿಯೇ ಇದೆ. ನಾಳೆ ಬೆಳಿಗ್ಗೆ ಈರವ್ವನನ್ನು ಕೂರಿಸಿಕೊಂಡು, ಅವಳ ಅವ್ವ ಯಾಕೆ ಸತ್ತಳೆಂದು ನಾನೇ ಹೇಳಬೇಕು.

ಬಾಳವ್ವ